ಆರು ಜೆಟ್ಟುಗಳ ಮಸಿ

ಇದನ್ನು ಬರೆಯಬೇಕೆಂದು ಏಳು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಪ್ರತಿ ಸಲವೂ ಒಂದು ನೆಪ ಸಿಗುತ್ತಿತ್ತು. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆಯೋಣ, ಯುಗಾದಿ ಕಳೆಯಲಿ, ಮೊದಲು ಒಂದು ಒಳ್ಳೆಯ ಪೆನ್ನು ತರೋಣ... ಎರಡು ಕಣ್ಣಿನ ಪೊರೆಯೂ ಹೋಯಿತು, ಪೆನ್ನು ನಾಲ್ಕು ಬಂದವು. ಹೋದ ವಾರ ಮದ್ದೂರಿನ ಗುಜರಿ ಅಂಗಡಿಯ ಮುಂದೆ ಒಂದು ಹಳೆಯ ಮೊಪೆಡ್ ಹ್ಯಾಂಡಲ್ ಕಂಡ ಮೇಲೆ ನೆಪಗಳು ಮುಗಿದವು.

ಹ್ಯಾಂಡಲನ್ನು ಒಂದು ಹಲಗೆಗೆ ಬೋಲ್ಟು ಹಾಕಿ ಕೂರಿಸಿದ್ದರು. ಹಿಂದುಗಡೆಯಿಂದ ನಾಲ್ಕೈದು ವೈರುಗಳು ಕರುಳಿನ ಹಾಗೆ ಜೋತುಬಿದ್ದಿದ್ದವು. ಬಲಗೈ ಹಿಡಿಯ ಪಕ್ಕ ಮನೆಯ ಕಾಲಿಂಗ್ ಬೆಲ್ಲಿನ ಸ್ವಿಚ್ಚು, ಅದರ ಕೆಳಗೆ ಕೆಂಪು ಎನಾಮಲ್ಲಿನಲ್ಲಿ ‘ಚಕ್ರ ಮೇಲೆ, ಚಕ್ರ ಕೆಳಗೆ’ ಎಂಬ ಬರಹ. ಅಕ್ಷರ ನನ್ನದೇ.

“ಏನಣ್ಣ ಇದು? ನಾನೂ ಮೂರು ದಿನದಿಂದ ನೋಡ್ತಾವ್ನಿ, ಏನು ಅಂತ ಗೊತ್ತಾಗ್ತಿಲ್ಲ” ಅಂದ ಗುಜರಿಯವನು.

“ವಿಮಾನದ ಸ್ಟೇರಿಂಗು” ಅಂದೆ.

ಅವನು ನನ್ನನ್ನು ಒಂದು ಗಳಿಗೆ ನೋಡಿದ. ವಯಸ್ಸಾದವರನ್ನು ನೋಡುವ ರೀತಿ ಒಂದಿದೆಯಲ್ಲ, ಹಾಗೆ. “ಕೂತ್ಕಳಿ ಅಣ್ಣ, ನೆರಳಲ್ಲಿ ಕೂತ್ಕಳಿ. ನೀರು ಕುಡೀತೀರಾ?” ಅಂದ.

ಅದು ನಿಜವಾಗಿಯೂ ವಿಮಾನದ ಸ್ಟೇರಿಂಗೇ. ನಮ್ಮ ಸಾಹೇಬರದು.

ನನ್ನ ವಿಷಯ ಮೊದಲು ಹೇಳಿಬಿಡುತ್ತೇನೆ, ತಪ್ಪಿನ ಬೇರು ಅಲ್ಲೇ ಇದೆ. ನಾನು ಬೋರ್ಡು ಬರೆಯುವವನು. ಚಿಕ್ಕರಸಿನಕೆರೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮದ್ದೂರಿಗೆ ಬಂದು ಕುಂಚ ಹಿಡಿದೆ. ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ, ಕಬ್ಬಿನ ಲಾರಿಯ ಹಿಂಬದಿ, ಶಾಲೆಯ ಗೋಡೆಯ ಮೇಲಿನ ಸೂಕ್ತಿಗಳು, ಎಲ್ಲ ಬರೆದಿದ್ದೇನೆ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಉಂಟು. ಬೋರ್ಡು ಯಾರದ್ದೇ ಇರಲಿ, ಬಲಗಡೆ ಕೆಳಮೂಲೆಯಲ್ಲಿ ಬರೆದವನ ಹೆಸರು ಇರಬೇಕು. ಅದು ನಮ್ಮ ಸಹಿಯೂ ಹೌದು, ಜಾಹೀರಾತೂ ಹೌದು. ನನ್ನದು ಸ್ವಲ್ಪ ಉದ್ದ: ‘ಚೆಲುವ ಆರ್ಟ್ಸ್, ಮದ್ದೂರು. ಇಲ್ಲಿ ಎಲ್ಲಾ ತರಹದ ಬೋರ್ಡು ಬರೆಯಲಾಗುತ್ತದೆ’, ಮುಂದೆ ಫೋನ್ ನಂಬರು. ಒಮ್ಮೆ ಒಂದೂರಿನ ರುದ್ರಭೂಮಿಯ ಗೇಟಿಗೂ ಅಭ್ಯಾಸಬಲದಿಂದ ಇದನ್ನೇ ಬರೆದು ಪಂಚಾಯಿತಿಯವರ ಕೈಲಿ ಬೈಸಿಕೊಂಡಿದ್ದೆ. ಆಗಲೂ ಬುದ್ಧಿ ಬರಲಿಲ್ಲ.

ಸಾಹೇಬರದು ನನ್ನ ಅಂಗಡಿಗೆ ಎರಡು ಬಾಗಿಲಾಚೆ ಮೋಟಾರ್ ವೈಂಡಿಂಗ್ ಅಂಗಡಿ. ಕೊತ್ತತ್ತಿಯಿಂದ ಪೂರಿಗಾಲಿಯವರೆಗೆ ಯಾವ ಗದ್ದೆಯಲ್ಲಿ ಪಂಪ್‌ಸೆಟ್ಟು ಸುಟ್ಟರೂ ಇವರ ಬಾಗಿಲಿಗೆ ಬರಬೇಕು. ನನಗಿಂತ ಹತ್ತು ವರ್ಷಕ್ಕೆ ಹಿರಿಯರು. ಹರೆಯದಲ್ಲಿ ಬೊಂಬಾಯಿಗೆ ಹೋಗಿ, ಒಂದು ವಿಮಾನ ಕಂಪನಿಯ ಹ್ಯಾಂಗರಿನಲ್ಲಿ, ಅಂದರೆ ವಿಮಾನ ನಿಲ್ಲಿಸುವ ದೊಡ್ಡ ಕೊಟ್ಟಿಗೆಯಲ್ಲಿ, ಕ್ಲೀನರ್ ಆಗಿದ್ದರಂತೆ. ಆ ಕಂಪನಿ ಮೊಟ್ಟಮೊದಲು ತರಿಸಿದ ಆರು ಜೆಟ್ಟುಗಳಿಗೆ ಒಂದೊಂದು ನದಿಯ ಹೆಸರಿಟ್ಟಿತ್ತಂತೆ. ಇವರ ಕೆಲಸ ರೆಕ್ಕೆಯ ಕೆಳಗೆ ಏಣಿ ಹಾಕಿಕೊಂಡು ಎಂಜಿನ್ನಿನ ಮಸಿ ಒರೆಸುವುದು.

“ಆ ಕಾಲದ ಜೆಟ್ಟು ಒಗೆ ಬುಡ್ತಿದ್ದದ್ದು ನಮ್ ಆಲೆಮನೆ ಬುಟ್ಟಂಗೆ ಕಣ್ಲಾ” ಅನ್ನುತ್ತಿದ್ದರು. “ನಾನು ಒರ್ಸೋನು, ಫೋರ್‌ಮನ್ನು ಬಂದು ಬಿಳಿ ಕರ್ಚೀಪು ಉಜ್ಜಿ, ‘ಇನ್ನೂ ಐತೆ’ ಅನ್ನೋನು. ಎಂಟು ವರ್ಸದಲ್ಲಿ ಒಂದ್ ದಪಾನೂ ಆ ಮನ್ಸ ‘ಸರಿ ಐತೆ’ ಅಂದಿಲ್ಲ.”

“ನೀವು ಅದ್ರಲ್ಲಿ ಕೂತು ಹೋಗಿದ್ರಾ ಸಾಹೇಬ್ರೆ?”

“ಒರ್ಸಿವ್ನಿ. ಕೂತಿಲ್ಲ.”

ಅಂಗಡಿಯನ್ನು ಅಳಿಯನಿಗೆ ಬಿಟ್ಟುಕೊಟ್ಟ ಮೇಲೆ ಸಾಹೇಬರಿಗೆ ಕಂಪ್ಯೂಟರಿನ ಹುಚ್ಚು ಹತ್ತಿತು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸದವರು ಲೋಕದ ತುಂಬ ಇದ್ದಾರೆಂದು ನನಗೆ ಗೊತ್ತಾದದ್ದೇ ಆಗ. ಆಟದ ಹಾಗೆ ಕಂಡರೂ ಅದು ಆಟವಲ್ಲ. ಬೊಂಬಾಯಿಯಿಂದ ಲಂಡನ್ನಿಗೆ ನಿಜವಾಗಿ ಎಷ್ಟು ಗಂಟೆ ಹಿಡಿಯುತ್ತದೋ ಅಷ್ಟೂ ಹೊತ್ತು ಕೂತಿರಬೇಕು. ಸಾಹೇಬರು ಹಳೆಯ ಮೊಪೆಡ್ ಹ್ಯಾಂಡಲನ್ನು ಕಂಪ್ಯೂಟರಿಗೆ ಜೋಡಿಸಿ ಸ್ಟೇರಿಂಗ್ ಮಾಡಿಕೊಂಡು, ಬೆಳಗ್ಗೆ ನಮಾಜು ಮುಗಿಸಿ ಹೊರಟರೆ ಮಧ್ಯಾಹ್ನ ಎಲ್ಲೋ ಮರಳುಗಾಡಿನ ಮೇಲೆ ಇರುತ್ತಿದ್ದರು. ನಡುವೆ ಕರೆಂಟು ಹೋದರೆ ವಿಮಾನ ಹೋಯಿತು. ಅದಕ್ಕೆ ಲೈನ್‌ಮನ್ನಿಗೆ ಫೋನ್ ಮಾಡುತ್ತಿದ್ದರು: “ಲೇ ತಮ್ಮ, ನನ್ ವಿಮಾನ ಮೇಲದೆ. ಅರ್ಧ ಗಂಟೆ ತಡ್ಕೊ.” ಅವನೂ ಮೊದಮೊದಲು ಬೈದು, ಆಮೇಲೆ ಒಗ್ಗಿಕೊಂಡ. “ಐದು ನಿಮ್ಸ ಕೊಡ್ತೀನಿ, ಅಷ್ಟ್ರಲ್ಲಿ ಎಲ್ಲಾರ ಇಳಿಸ್ಕಳಿ ಸಾಬ್ರೆ” ಅನ್ನುತ್ತಿದ್ದ.

ಸಾಹೇಬರ ಹೆಂಡತಿ ಉರ್ದು ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಊರೆಲ್ಲ ಅವರನ್ನು ಟೀಚರಮ್ಮ ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ಮಿತಭಾಷಿ, ಆದರೆ ಆಡಿದ್ದು ನಾಟುತ್ತಿತ್ತು. ವಿಮಾನ ಮೇಲಿರುವಾಗ ಗಂಡ ಕುರ್ಚಿ ಬಿಟ್ಟು ಏಳುವುದಿಲ್ಲವಲ್ಲ, ತಟ್ಟೆ ಹಿಡಿದು ಪಕ್ಕಕ್ಕೆ ಬಂದು, “ಸಾರ್, ಮುದ್ದೆನಾ, ಅನ್ನನಾ? ಬೇಗ ಹೇಳಿ, ಹಿಂದಿನ ಸೀಟಿನವರು ಕಾಯ್ತಾ ಇದ್ದಾರೆ” ಅನ್ನುತ್ತಿದ್ದರು.

ಹೀಗಿರುವಾಗ ಸಾಹೇಬರಿಗೆ ಒಂದು ಕೊರತೆ ಕಂಡಿತು. ಲೋಕದ ಎಲ್ಲ ವಿಮಾನಗಳೂ ಕಂಪ್ಯೂಟರಿನಲ್ಲಿ ಇವೆ, ಆದರೆ ಅವರು ಒರೆಸಿದ ಆ ಆರು ಜೆಟ್ಟುಗಳು ಇಲ್ಲ. ಇದ್ದರೂ ಯಾರೋ ಅಂದಾಜಿನಲ್ಲಿ ಬಣ್ಣ ಬಳಿದದ್ದು. “ಕೆಂಪು ಪಟ್ಟಿ ಕಿಟಕಿಗಿಂತ ಮೇಲಕ್ಕೆ ಏರಿಸವ್ನೆ ಬಡ್ಡಿಮಗ” ಎಂದು ಒಂದು ದಿನ ನನ್ನ ಅಂಗಡಿಗೆ ಬಂದು, ನಾನೇ ಏರಿಸಿದ್ದೇನೋ ಎಂಬಂತೆ ಕೂಗಾಡಿದರು. ಆರನ್ನೂ ತಾವೇ ಮಾಡುವುದೆಂದು ಅವತ್ತೇ ನಿಶ್ಚಯವಾಯಿತು.

ಮೂರು ವರ್ಷ ಹಿಡಿಯಿತು. ವಿಮಾನದ ಆಕಾರವನ್ನು ಜರ್ಮನಿಯ ಒಬ್ಬ ಹವ್ಯಾಸಿ ಮಾಡಿಕೊಟ್ಟ. ಯಾವ ಬಾಗಿಲು ಎಲ್ಲಿ, ಯಾವ ತಗಡಿಗೆ ಎಷ್ಟು ರಿವೆಟ್ಟು, ಅದೆಲ್ಲ ಸಾಹೇಬರ ತಲೆಯಲ್ಲಿತ್ತು. ಆದರೆ ತಾಮ್ರದ ತಂತಿ ಸುತ್ತಿ ಸುತ್ತಿ ಅವರ ಬೆರಳುಗಳು ಬದನೆಕಾಯಿಯ ಹಾಗೆ ಆಗಿದ್ದವು. ಕಂಪ್ಯೂಟರಿನ ಮೌಸು ಅವರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಬಣ್ಣದ ಕೆಲಸ ಪೂರ್ತಿ ಟೀಚರಮ್ಮನದು. ಶಾಲೆಯಲ್ಲಿದ್ದಾಗ ಅವರಿಗೆ ಕಂಪ್ಯೂಟರಿನ ತರಬೇತಿ ಆಗಿತ್ತು. ಅಕ್ಷರ ಮತ್ತು ಪಟ್ಟಿ ನನ್ನದು. ಅಚ್ಚಿನ ಅಕ್ಷರ ಬೇಡ, ಆ ಕಾಲದಲ್ಲಿ ಕೈಯಲ್ಲೇ ಬರೆಯುತ್ತಿದ್ದರು ಎಂದು ಸಾಹೇಬರು ಹಟ ಹಿಡಿದದ್ದರಿಂದ ನನಗೆ ಆ ಭಾಗ್ಯ. ನಾನು ಡ್ರಾಯಿಂಗ್ ಹಾಳೆಯ ಮೇಲೆ ಬರೆದುಕೊಡುವುದು, ಟೀಚರಮ್ಮ ಅದನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನೊಳಗೇ ಕತ್ತರಿಸಿ, ವಿಮಾನದ ಮೈಗೆ ಅಂಟಿಸುವುದು.

ನನಗೂ ಆಗ ಕೆಲಸವಿರಲಿಲ್ಲ. ಫ್ಲೆಕ್ಸು ಬಂದು ನಮ್ಮಂಥವರ ಕುಂಚ ಒಣಗಿತ್ತು. ಆರು ನದಿಗಳ ಹೆಸರನ್ನು ಹಿಂದಿ ಅಕ್ಷರದಲ್ಲಿ ಬರೆದೆ. ಕಿಟಕಿಗಳ ಉದ್ದಕ್ಕೂ ಓಡುವ ಕೆಂಪು ಪಟ್ಟಿ, ಅದರ ಮೇಲೆ ಸೀರೆಯ ಅಂಚಿನ ಹಾಗೆ ಚಿನ್ನದ ಬಣ್ಣದ ಸಣ್ಣ ಮಾವಿನಕಾಯಿ ಸಾಲು, ಅದನ್ನು ಹನ್ನೊಂದು ದಿನ ಕೂತು ಬರೆದೆ. ಮುಗಿದ ದಿನ ಪಟ್ಟಿಯನ್ನು ನೋಡುತ್ತ ನಿಂತೆ. ಇದು ಜರ್ಮನಿಗೆ ಹೋಗುತ್ತದೆ, ಅಮೆರಿಕಕ್ಕೆ ಹೋಗುತ್ತದೆ. ನನ್ನ ಜೀವಮಾನದ ಯಾವ ಬೋರ್ಡೂ ಚನ್ನಪಟ್ಟಣ ದಾಟಿರಲಿಲ್ಲ. ಕೈ ತಡೆಯಲಿಲ್ಲ. ಎರಡು ಕೂದಲಿನ ಕುಂಚ ತೆಗೆದುಕೊಂಡು, ಬಾಲದ ಹತ್ತಿರ, ಮಾವಿನಕಾಯಿಗಳ ನಡುವೆ, ಚಿನ್ನದ ಬಣ್ಣದಲ್ಲೇ, ಕಂಡೂ ಕಾಣದ ಹಾಗೆ ಬರೆದೆ. ಫೋನ್ ನಂಬರಿನ ಸಮೇತ.

ಆಮೇಲೆ ಮಸಿಯ ಪ್ರಸಂಗ. ಸಾಹೇಬರಿಗೆ ಹೊಳೆಯುವ ವಿಮಾನ ಬೇಡವಾಗಿತ್ತು. ಹಾರಾಟ ಮುಗಿಸಿ ಬಂದು, ಇನ್ನೂ ಯಾರೂ ಒರೆಸದ ವಿಮಾನ ಬೇಕಾಗಿತ್ತು. “ನಾನು ಒರ್ಸಿದ್ನಲ್ಲ, ಆ ಮಸಿ ವಾಪಸ್ ಬೇಕು ಕಣ್ಲಾ ಚೆಲುವ” ಅಂದರು. ನಾನು ಒಂದು ಹಾಳೆಗೆ ಕರಿ ಪೇಂಟು ಎರಚಿ, ಚಿಂದಿಯಲ್ಲಿ ಎಳೆದು, ಕಾಲು ಗಂಟೆಯಲ್ಲಿ ಮಾಡಿಕೊಟ್ಟೆ.

ಒಂದೆರಡು ತಿಂಗಳಾದ ಮೇಲೆ ಟೀಚರಮ್ಮ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದರು. “ಚೆಲುವಣ್ಣ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮಸಿ ತಾರು ರಸ್ತೆ ಥರ ಕಾಣ್ತಿತ್ತು. ಅದನ್ನ ಹಾಕಿಲ್ಲ. ಬೇರೆ ಮಾಡಿದೀನಿ” ಅಂದರು. ಒಳಗೆ ಒಂದು ಸೀಮೆಎಣ್ಣೆ ಬುಡ್ಡಿ, ಅದರ ಪಕ್ಕ ಕಾಗದದ ಕಟ್ಟು. ಉರಿಯುವ ಬುಡ್ಡಿಯ ಮೇಲೆ ಕಾಗದ ಹಿಡಿದು ಹೊಗೆ ಕೂರಿಸಿದ್ದರು. ಬತ್ತಿ ಎತ್ತರಿಸಿ, ತಗ್ಗಿಸಿ, ಬೀಸಣಿಗೆಯಿಂದ ಗಾಳಿ ಹಾಕಿ, ಹೊಗೆ ಹಿಂದಕ್ಕೆ ಓಡಿದ ಹಾಗೆ... ಅರವತ್ತು ಹಾಳೆಯಾದರೂ ಇತ್ತು. ಒಂದೊಂದರ ಮೂಲೆಯಲ್ಲೂ ಉರ್ದುವಿನಲ್ಲಿ ಏನೋ ಗುರುತು. “ಅವರಿಗೆ ಹೇಳಿಲ್ಲ. ನಿಮ್ಮದೇ ಅಂದ್ಕೊಂಡಿದಾರೆ. ಅಂದ್ಕೊಳ್ಳಲಿ ಬಿಡಿ, ಗೊತ್ತಾದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ” ಎಂದು ನಕ್ಕರು. ನನ್ನ ಮಾನ ಉಳಿಸಲು ಹಾಗೆ ಮಾಡಿದ್ದರು. ನಾನೂ ಆಗಲಿ ಎಂದು ನಕ್ಕೆ.

ಆರು ವಿಮಾನಗಳೂ ಸಿದ್ಧವಾದವು. ಅವುಗಳನ್ನು ಹವ್ಯಾಸಿಗಳಿಗೆ ಬಿಡುವ ಮೊದಲು ಸಾಹೇಬರಿಗೆ ಒಂದೇ ಆಸೆ: ಆ ಫೋರ್‌ಮನ್ ನೋಡಬೇಕು. ಅವರು ತೊಂಬತ್ತರ ಹತ್ತಿರವಾಗಿ ಬೊಂಬಾಯಿಯಲ್ಲೇ ಇದ್ದರು. ಹಳೆಯ ನೌಕರರೊಬ್ಬರಿಂದ ನಂಬರು ಸಿಕ್ಕಿ, ವಿಡಿಯೋ ಕಾಲಿಗೆ ದಿನ ಗೊತ್ತಾಯಿತು. ಸಾಹೇಬರು ಹಿಂದಿನ ದಿನವೇ ಗಡ್ಡಕ್ಕೆ ಮೆಹಂದಿ ಹಾಕಿಸಿಕೊಂಡರು. “ಆ ಮನ್ಸ ಒಂದ್ ದಪ ‘ಸರಿ ಐತೆ’ ಅನ್ಬೇಕು. ಅನ್ನಿಲ್ಲ ಅಂದ್ರೆ ಆರನ್ನೂ ಅಳಿಸಾಕ್ತೀನಿ” ಅಂದರು. ಅವರು ಹಾಗೆ ಅಂದರೆ ಮಾಡುವವರೇ. ಒಬ್ಬ ರೈತ ವೈಂಡಿಂಗಿನಲ್ಲಿ ಕೊಂಕು ತೆಗೆದನೆಂದು ಸುತ್ತಿದ ತಂತಿಯನ್ನೆಲ್ಲ ಅವನ ಮುಂದೆಯೇ ಬಿಚ್ಚಿಹಾಕಿದ್ದನ್ನು ನಾನು ಕಂಡಿದ್ದೆ. ಟೀಚರಮ್ಮನ ಮೂರು ವರ್ಷದ ಕಣ್ಣಿನ ಬೆಳಕೂ ಆ ಆರರಲ್ಲಿ ಇತ್ತು.

ಬೆಳಗ್ಗೆ ಹನ್ನೊಂದಕ್ಕೆ ಫೋರ್‌ಮನ್ ಪರದೆಯ ಮೇಲೆ ಬಂದರು. ಬನಿಯನ್ನು, ಕಿವಿಗೆ ಮೆಷಿನ್ನು. ಸಾಹೇಬರು ಎದ್ದು ನಿಂತು ಸಲಾಮು ಹೊಡೆದರು, ಎಪ್ಪತ್ತು ದಾಟಿದ ಮನುಷ್ಯ. ವಿಮಾನವನ್ನು ಮೂತಿಯಿಂದ ನಿಧಾನವಾಗಿ ತೋರಿಸುತ್ತ ಹೋದರು. ಫೋರ್‌ಮನ್ ಮುಂದಕ್ಕೆ ಬಾಗಿ, ಕನ್ನಡಕ ಏರಿಸಿ ನೋಡಿದರು. ರೆಕ್ಕೆಯ ಕೆಳಗೆ ಬಂದಾಗ ಕೈ ಎತ್ತಿ ನಿಲ್ಲಿಸಲು ಹೇಳಿ ಬಹಳ ಹೊತ್ತು ನೋಡಿದರು. ಆಮೇಲೆ ಬಾಲದ ಕಡೆ ಹೋಗಲು ಹೇಳಿದರು. ಅಲ್ಲಿ ಮತ್ತೆ ಕೈ ಎತ್ತಿದರು. ಹತ್ತಿರ ತೋರಿಸು, ಇನ್ನೂ ಹತ್ತಿರ, ಅದೇನು ಇರುವೆ ಸಾಲು?

ಸಾಹೇಬರು ಹತ್ತಿರ ಹೋದರು. ಪರದೆಯ ತುಂಬ ಮಾವಿನಕಾಯಿ. ಮಾವಿನಕಾಯಿಗಳ ನಡುವೆ, ಅಂಗೈ ಅಗಲಕ್ಕೆ, ‘ಇಲ್ಲಿ ಎಲ್ಲಾ ತರಹದ ಬೋರ್ಡು ಬರೆಯಲಾಗುತ್ತದೆ’.

ಬೊಂಬಾಯಿಯ ಮುದುಕರು ಅದೇನೆಂದು ಓದಿ ಹೇಳಲು ಕೇಳಿದರು. ಪಾಪ, ಸಾಹೇಬರು ಓದಿ, ಹಿಂದಿಯಲ್ಲಿ ಅರ್ಥವನ್ನೂ ಹೇಳಿದರು. ಫೋನ್ ನಂಬರನ್ನು ಮುದುಕರೇ ಓದಿಕೊಂಡರು, ಅದು ಇಂಗ್ಲಿಷ್ ಅಂಕಿಯಲ್ಲಿತ್ತು. ವಿಮಾನವನ್ನು ಆಚೆ ಮಗ್ಗುಲಿಗೆ ತಿರುಗಿಸಿದರೆ ಅಲ್ಲೂ ಇತ್ತು. ಒಂದು ಮಗ್ಗುಲಿನ ಪಟ್ಟಿಯನ್ನೇ ಮಗುಚಿ ಇನ್ನೊಂದು ಮಗ್ಗುಲಿಗೆ ಹಾಕುವುದು ಆ ಕೆಲಸದ ಕ್ರಮವಂತೆ. ಹಾಗಾಗಿ ಅಲ್ಲಿ ನನ್ನ ಹೆಸರು ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದಾಗಿತ್ತು. ಎರಡನೆಯ ವಿಮಾನ ತೆರೆದರು, ಇತ್ತು. ಮೂರನೆಯದು, ಇತ್ತು. ಆರು ವಿಮಾನ, ಹನ್ನೆರಡು ಮಗ್ಗುಲು... ಲೋಕದಲ್ಲಿ ಯಾವ ಪೇಂಟರಿಗೂ ಅಷ್ಟು ಪ್ರಚಾರ ಸಿಕ್ಕಿರಲಾರದು. ಅಷ್ಟರಲ್ಲಿ ಕರೆಂಟು ಹೋಯಿತು. ಫೋರ್‌ಮನ್ ಏನು ಹೇಳಲು ಬಾಯಿ ತೆರೆದಿದ್ದರೋ ಅದು ಅಲ್ಲೇ ನಿಂತಿತು.

ಸಾಹೇಬರು ತಿರುಗಿದರು. “ಏನ್ಲಾ ಇದು?”

ಆ ಗಳಿಗೆಯಲ್ಲಿ ‘ತಪ್ಪಾಯ್ತು’ ಅಂದಿದ್ದರೆ ಎರಡು ಏಟು ಬೀಳುತ್ತಿತ್ತೇನೋ. ಬಿದ್ದಿದ್ದರೆ ಚೆನ್ನಾಗಿತ್ತು. ನಾನು ಅಂದದ್ದು ಇದು: “ಹೆಸರು ನಾನೇ ಬರ್ದಿದ್ದು ಸಾಹೇಬ್ರೆ. ಆದ್ರೆ ಪಟ್ಟಿ ಮೇಲಲ್ಲ. ಹಾಳೆ ಅಂಚ್ನಲ್ಲಿ, ಬೋರ್ಡಿಗೆ ಬರಿಯೋ ಹಂಗೆ. ಕತ್ರಿಸ್ವಾಗ ಒಳಕ್ಕೆ ಸೇರ್ಕಂಡದೆ.”

ಕತ್ತರಿಸಿದವರು ಟೀಚರಮ್ಮ. ನನ್ನ ಮೂಲ ಹಾಳೆ ಅಲ್ಲೇ ಬೀರುವಿನಲ್ಲಿತ್ತು. ಬೀರು ತೆರೆದು ಹಾಳೆ ತೋರಿಸಿದ್ದರೆ ನನ್ನ ಸುಳ್ಳು ಅಲ್ಲಿಗೇ ಸಾಯುತ್ತಿತ್ತು. ಅವರ ಕಣ್ಣು ಬೀರುವಿನ ಕಡೆ ಹೋದದ್ದನ್ನು ನಾನು ನೋಡಿದೆ. ಆಮೇಲೆ ನನ್ನ ಕಡೆ ಬಂತು. ನಾನು ಕ್ಯಾಲೆಂಡರ್ ನೋಡುತ್ತಿದ್ದೆ.

“ಇರಬಹುದು” ಅಂದರು. “ಈಚೆಗೆ ನನಗೆ ಕಣ್ಣು ಸರಿಯಾಗಿ ಕಾಣಲ್ಲ.”

ಸಾಹೇಬರ ಸಿಟ್ಟಿಗೆ ಹಾದಿ ಸಿಕ್ಕಿತು. “ಕಾಣಾಕಿಲ್ಲ ಅಂದ್ರೆ ಯಾಕೆ ಮುಟ್ಟೋಕೋದೆ? ಇನ್ ಮ್ಯಾಲೆ ನನ್ ವಿಮಾನಕ್ಕೆ ಕೈ ಆಕ್ಬೇಡ!” ಟೀಚರಮ್ಮ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಡಬ್ಬಿಯೊಳಗಿಟ್ಟು ಅಡುಗೆಮನೆಗೆ ಹೋದರು. ಅಷ್ಟೇ.

ಸಾಹೇಬರು ಆರನ್ನೂ ಅಳಿಸುತ್ತಾರೆ ಅಂದುಕೊಂಡೆ. ಅಳಿಸಲಿಲ್ಲ. ಫೋನ್ ಆಫ್ ಮಾಡಿ ಮೂರು ದಿನ ಮುಸುಕು ಹಾಕಿ ಮಲಗಿಬಿಟ್ಟರು. ಫೋರ್‌ಮನ್ ವಾಪಸ್ ಫೋನ್ ಮಾಡಿ ಬೈದರೆ ಕೇಳುವ ಧೈರ್ಯ ಅವರಿಗಿರಲಿಲ್ಲ.

ಸಾಹೇಬರು ಸಿಗದೆ ಫೋರ್‌ಮನ್ ಏನು ಮಾಡಿದರು ಅಂದರೆ, ವಿಮಾನದ ಮೇಲೆ ಓದಿಕೊಂಡ ನಂಬರಿಗೆ ಫೋನ್ ಮಾಡಿದರು. ಜಾಹೀರಾತು ಅಂದರೆ ಹೀಗೆ ಕೆಲಸ ಮಾಡಬೇಕು.

ನಾನು ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಹೈಸ್ಕೂಲಿನಲ್ಲಿ ಹಿಂದಿಗೆ ನನಗೆ ಬಂದದ್ದು ಮೂವತ್ತೈದು, ಅದೂ ಮೇಷ್ಟರ ಕೃಪೆ. ಆದರೂ ಮುದುಕರು ನಿಧಾನವಾಗಿ ಮಾತಾಡಿದ್ದರಿಂದ ಅರ್ಥವಾಯಿತು. ಹೆಸರು ಅಳಿಸಿಬಿಡು, ಅದು ದೊಡ್ಡ ವಿಷಯವಲ್ಲ, ಅಂದರು. ಉಳಿದದ್ದೆಲ್ಲ ಸರಿ ಇದೆ. ಆದರೆ ರೆಕ್ಕೆಯ ಕೆಳಗಿನ ಆ ಮಸಿ... ಎನ್ನುತ್ತ ಅತ್ತುಬಿಟ್ಟರು. ಪರದೆಗೆ ಕರ್ಚೀಫು ಉಜ್ಜಬೇಕು ಅನ್ನಿಸಿತಂತೆ. ಅದನ್ನು ಮಾಡಿದವರು ಯಾರು ಎಂದು ಕೇಳಿದರು.

ಸುತ್ತ ಸಂತೆಯ ಗದ್ದಲ. ಕೈಯಲ್ಲಿ ಬದನೆಕಾಯಿ. ಜೀವಮಾನದಲ್ಲಿ ನನ್ನ ಕೆಲಸ ನೋಡಿ ಯಾರೂ ಅತ್ತಿರಲಿಲ್ಲ, ಆ ರುದ್ರಭೂಮಿಯ ಗೇಟಿನ ಮುಂದೆ ಅತ್ತವರೂ ಬೋರ್ಡಿಗಾಗಿ ಅತ್ತವರಲ್ಲ.

“ಮೈ” ಅಂದೆ. ನಾನು.

ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ತಪ್ಪಿಸಿಕೊಳ್ಳಬೇಕಾದ ಏಟೂ ಇರಲಿಲ್ಲ. ಮೊದಲನೆಯ ಸುಳ್ಳನ್ನಾದರೂ ಹೆದರಿಕೆಗೆ ಹೇಳಿದ್ದೆ. ಇದನ್ನು ಯಾಕೆ ಹೇಳಿದೆ... ಇವತ್ತಿಗೂ ತಿಳಿದಿಲ್ಲ.

ಬದನೆಕಾಯಿಯನ್ನು ಅಲ್ಲೇ ಬಿಟ್ಟು ಸಾಹೇಬರ ಮನೆಗೆ ಓಡಿದೆ. “ಸರಿ ಐತೆ ಅಂದ್ರು ಸಾಹೇಬ್ರೆ! ಫೋರ್‌ಮನ್ನು! ಮಸಿ ನೋಡಿ ಅತ್ಬುಟ್ರು!” ಸಾಹೇಬರು ಮುಸುಕು ಕಿತ್ತೆಸೆದು ಎದ್ದರು. ಎರಡು ಸಲ ಹೇಳಿಸಿಕೊಂಡರು. ಫೋನ್ ಆನ್ ಮಾಡಿ ಬೊಂಬಾಯಿಗೆ ಹಚ್ಚಿ ಆ ಮನುಷ್ಯನ ಬಾಯಲ್ಲೇ ಕೇಳಿದರು. ಕೇಳಿದ ಮೇಲೆ ನನ್ನನ್ನು ತಬ್ಬಿ ನೆಲದಿಂದ ಎತ್ತಿಬಿಟ್ಟರು. “ನಿನ್ ಮಸಿ ಕಣ್ಲಾ! ನಿನ್ ಮಸಿ ಆ ಕಲ್ಲಿನಂತಾ ಮನ್ಸನ್ನ ಅಳಿಸ್ತು ಕಣ್ಲಾ!”

ಟೀಚರಮ್ಮ ಟೀ ತಂದು ಬಾಗಿಲಲ್ಲಿ ನಿಂತಿದ್ದರು. ನನ್ನ ಕಾಲು ಇನ್ನೂ ಪೂರ್ತಿ ನೆಲಕ್ಕೆ ತಾಗಿರಲಿಲ್ಲ. ಈಗ ಹೇಳುತ್ತೇನೆ, ಟೀ ಕುಡಿದು ಹೇಳುತ್ತೇನೆ, ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅವರೇ ಮೊದಲು ಮಾತಾಡಿದರು.

“ಎಷ್ಟು ದಿನ ಹಿಡೀತು ಚೆಲುವಣ್ಣ, ಆ ಮಸಿಗೆ?”

“ನಾ... ನಾಲ್ಕು ದಿನ.”

“ನಾಲ್ಕೇ ದಿನವಾ?” ಎಂದು ಲೋಟ ನನ್ನ ಕೈಗೆ ಕೊಟ್ಟರು. “ನಾನಾಗಿದ್ರೆ ಎರಡು ತಿಂಗಳಾಗ್ತಿತ್ತು.”

ಸಾಹೇಬರು ಹೋಹೋ ಎಂದು ನಕ್ಕರು. ನಾನು ಬಿಸಿ ಟೀಯನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡೆ.

ಹೆಸರಿಲ್ಲದ ಹೊಸ ಪಟ್ಟಿ ಬರೆದುಕೊಟ್ಟೆ. ಅಂಟಿಸಲು ಟೀಚರಮ್ಮ ಬರಲಿಲ್ಲ. ಸಾಹೇಬರು ಮೆತ್ತಗಾಗಿ ಕರೆದರು. “ನಿಮ್ಮ ವಿಮಾನಕ್ಕೆ ಕೈ ಹಾಕಬೇಡ ಅಂದಿದೀರಲ್ಲ” ಅಂದರಂತೆ. ಕೊನೆಗೆ ಅಂಟಿಸಿದ್ದು ಜರ್ಮನಿಯವನು. ಆರು ಜೆಟ್ಟುಗಳು ಲೋಕಕ್ಕೆಲ್ಲ ಹೋದವು. ಬೇಕಾದವರು ತಮ್ಮ ಕಂಪ್ಯೂಟರಿಗೆ ಪುಕ್ಕಟೆ ಇಳಿಸಿಕೊಳ್ಳುವುದು ಈ ಹವ್ಯಾಸಿಗಳ ರೂಢಿ. ಪ್ರತಿ ವಿಮಾನದ ಜೊತೆಗೂ ಯಾರು ಏನು ಮಾಡಿದರು ಎಂಬ ಒಂದು ಪುಟ ಹೋಗುತ್ತದೆ. ಅದರಲ್ಲಿ ‘ಅಕ್ಷರ, ಪಟ್ಟಿ ಮತ್ತು ಮಸಿ: ಚೆಲುವ, ಮದ್ದೂರು’ ಎಂದು ಸಾಹೇಬರು ಇಂಗ್ಲಿಷಿನಲ್ಲಿ ಹಾಕಿಸಿದರು. ಟೀಚರಮ್ಮನ ಹೆಸರು ಇಲ್ಲ. “ತಪ್ಪು ಕತ್ತರಿಸಿದವಳ ಹೆಸರು ಯಾಕೆ” ಎಂದು ಅವರೇ ಬೇಡವೆಂದರು.

ಸಾಹೇಬರು ಹುಮ್ಮಸ್ಸಿನಲ್ಲಿ ಏಳನೆಯ ಜೆಟ್ಟಿಗೂ ಕೈ ಹಾಕಿದರು. ಮಸಿ ನಾನೇ ಮಾಡಿಕೊಡಬೇಕಾಯಿತು. ನಾಲ್ಕು ದಿನವಲ್ಲ, ಒಂದು ತಿಂಗಳು ಒದ್ದಾಡಿದೆ. ವಿಮಾನ ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಅಲ್ಲಿಂದ ಓಡಿಬಂದ ಹಾಗೆ ಕಾಣುತ್ತಿತ್ತು. ಹವ್ಯಾಸಿಗಳು ಲೋಕದ ನಾಲ್ಕು ಮೂಲೆಯಿಂದ ನಕ್ಕರು. “ಏನಾಯ್ತ್ಲಾ ನಿನ್ ಕೈಗೆ?” ಎಂದು ಸಾಹೇಬರು ಕೇಳಿದರು. ವಯಸ್ಸಾಯಿತು ಅಂದೆ.

ಅದಾಗಿ ಎರಡು ವರ್ಷಕ್ಕೆ ಟೀಚರಮ್ಮ ಹೋಗಿಬಿಟ್ಟರು. ಜ್ವರ ಅಂದರು, ಆಸ್ಪತ್ರೆ ಅಂದರು, ನಾಲ್ಕು ದಿನದಲ್ಲಿ ಮುಗಿಯಿತು. ಆ ಎರಡು ವರ್ಷದಲ್ಲಿ ಅವರ ಕೈಯ ಟೀಯನ್ನು ವಾರಕ್ಕೊಂದು ಸಲವಾದರೂ ಕುಡಿದಿದ್ದೇನೆ. ಪ್ರತಿ ಸಲವೂ ಇವತ್ತು ಹೇಳೋಣ ಎಂದು ಹೋಗುತ್ತಿದ್ದೆ... ಸಾಹೇಬರು ಮನೆ ಖಾಲಿ ಮಾಡಿ ಮಳವಳ್ಳಿಗೆ, ಇನ್ನೊಬ್ಬ ಮಗಳ ಮನೆಗೆ ಹೋದರು. ನಾನು ಆ ಕಡೆ ಹೋಗಲಿಲ್ಲ.

ಗುಜರಿ ಅಂ­ಗಡಿಯಿಂದ ಹೊರಟವನು ಮನೆಗೆ ಹೋಗದೆ ಮಳವಳ್ಳಿ ಬಸ್ಸು ಹತ್ತಿದೆ. ಸಾಹೇಬರು ಜಗುಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಸೊರಗಿದ್ದರು. ಕೂರುವ ಮೊದಲೇ ಎಲ್ಲ ಹೇಳಿಬಿಟ್ಟೆ. ಅಂಚಿನ ಸುಳ್ಳು, ಮಸಿಯ ಸುಳ್ಳು, ನಾಲ್ಕು ದಿನದ ಸುಳ್ಳು. ಮುಗಿಯುವವರೆಗೆ ಅವರು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಗೊತ್ತು ಕಣ್ಲಾ” ಅಂದರು. “ಅವ್ಳು ಹೋದ್ಮೇಲೆ ಬೀರು ತಗ್ದೆ. ಅರವತ್ತ್ಮೂರು ಮಸಿ ಕಾಗ್ದ. ಒಂದೊಂದ್ರ ಮ್ಯಾಲೂ ಬರ್ದವ್ಳೆ, ಬತ್ತಿ ಎಷ್ಟು, ಗಾಳಿ ಎಷ್ಟು ಅಂತ. ಅಡೀಲಿ ನಿನ್ ಪಟ್ಟಿ ಹಾಳೇನೂ ಇತ್ತು.”

“ಮತ್ತೆ ಯಾಕ್ ಸಾಹೇಬ್ರೆ ಕೇಳ್ಲಿಲ್ಲ?”

“ಐದು ವರ್ಸದಿಂದ ಕಾಯ್ತಾವ್ನಿ, ಇವತ್ತು ಬತ್ತಾನೆ, ನಾಳೆ ಬತ್ತಾನೆ ಅಂತ. ನೀನು ಬೋರ್ಡೂ ಹಂಗೇ ಅಲ್ವ ಕೊಡ್ತಿದ್ದದ್ದು?”

ಅವರೇ ಮುಂದುವರಿಸಿದರು. “ನಂಗೆ ಸಿಟ್ಟು ಬಂದ್ರೆ ನಿನ್ ಮುಖ ಜಲ್ಮದಲ್ಲಿ ನೋಡಾಕಿಲ್ಲ ಅಂತ ಅವ್ಳಿಗೆ ಗೊತ್ತಿತ್ತು. ನಂಗೆ ಇನ್ಯಾವನವ್ನೆ ಸ್ನೇಹಿತ? ಅದ್ಕೇ ತನ್ ಮ್ಯಾಲೆ ಎಳ್ಕಂಡ್ಳು. ನಾನೂ ನಂಬ್ಕಂಡು ಅವ್ಳನ್ನ ಕಂಪ್ಯೂಟ್ರು ಮುಂದ್ಲಿಂದ ಏಳಿಸ್ದೆ.”

“ತಪ್ಪಾಯ್ತು ಸಾಹೇಬ್ರೆ.”

“ನಂಗ್ಯಾಕ್ಲಾ ಹೇಳ್ತೀಯ? ನಂದು ನಾನು ನೋಡ್ಕತೀನಿ. ನಿಂದು ನೀನು ನೋಡ್ಕೊ.”

ಆ ಪುಟವನ್ನಾದರೂ ತಿದ್ದಿಸೋಣ ಅಂದೆ. ಆಗುವುದಿಲ್ಲವಂತೆ. ಜರ್ಮನಿಯವನು ಈಗ ಫೋನಿಗೆ ಸಿಗುತ್ತಿಲ್ಲ. ಇಳಿಸಿಕೊಂಡವರ ಕಂಪ್ಯೂಟರಿನಿಂದ ಅದನ್ನು ಯಾರೂ ವಾಪಸ್ ತರಲಾರರು. ಅಲ್ಲೆಲ್ಲ ಆ ಮಸಿ ನನ್ನದಾಗಿಯೇ ಇರುತ್ತದೆ, ನಾನು ಹೋದ ಮೇಲೂ.

ಏಳುವಾಗ ಟೀಚರಮ್ಮನ ಪೂರ್ತಿ ಹೆಸರೇನು ಎಂದು ಕೇಳಿದೆ. ಇಪ್ಪತ್ತು ವರ್ಷ ಆ ಮನೆಯ ಟೀ ಕುಡಿದಿದ್ದೆ, ಕೇಳಿರಲಿಲ್ಲ. ಸಾಹೇಬರು ನನ್ನ ಮುಖ ನೋಡಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ.

ಇದನ್ನು ಓದುವವರಲ್ಲಿ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವವರು ಇದ್ದೀರೋ ಇಲ್ಲವೋ ನನಗೆ ತಿಳಿಯದು. ಇದ್ದರೆ, ಆ ಆರು ಜೆಟ್ಟುಗಳಲ್ಲಿ ಒಂದಾದರೂ ನಿಮ್ಮ ಬಳಿ ಇದ್ದರೆ, ರೆಕ್ಕೆಯ ಕೆಳಗೆ ಹೋಗಿ ಒಂದು ಸಲ ನೋಡಿ. ಅದು ನನ್ನ ಕೈಯದಲ್ಲ. ಎರಡು ತಿಂಗಳು ಬುಡ್ಡಿಯ ಮುಂದೆ ಕೂತು ಅದನ್ನು ಮಾಡಿದವರು, ತಾವು ಬದುಕಿರುವಾಗ ನನ್ನ ಬಾಯಿಂದ ಒಂದು ಕ್ಷಮೆಯ ಮಾತೂ ಕೇಳದೆ ಹೋದವರು, ಖಮರುನ್ನೀಸಾ ಬೇಗಂ.